ಲೆನ್ಸ್ ಉದ್ದವಾಗಿದ್ದರೂ ಚಿತ್ರವೇಕೆ ಮಂಕು? ಹಕ್ಕಿ ಮತ್ತು ವನ್ಯಜೀವಿ ಛಾಯಾಗ್ರಹಣಕ್ಕೊಂದು ಸಮಗ್ರ ಮಾರ್ಗದರ್ಶಿ

ಸಾಲ ಮಾಡಿಯೋ ಉಳಿತಾಯ ಕರಗಿಸಿಯೋ ದೊಡ್ಡ ಟೆಲಿಫೋಟೋ ಲೆನ್ಸ್ ಕೊಂಡವರಿಗೆ ಮೊದಲ ಕೆಲವು ತಿಂಗಳು ಸಿಗುವುದು ಸಾಮಾನ್ಯವಾಗಿ ನಿರಾಸೆಯೇ. ಹಿಂದೆ ಚುಕ್ಕೆಯಂತೆ ಕಾಣುತ್ತಿದ್ದ ಹಕ್ಕಿ ಈಗ ದೊಡ್ಡದಾಗಿ ಕಾಣುತ್ತದೆ, ಅದು ನಿಜ. ಆದರೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದಾಗ ಕಣ್ಣಿನಲ್ಲಿ ಹೊಳಪಿರುವುದಿಲ್ಲ, ಗರಿಯ ಎಳೆಗಳು ಕಲಸಿಹೋಗಿರುತ್ತವೆ. ಆಗ ದೋಷವನ್ನು ಲೆನ್ಸಿನ ಮೇಲೆ ಹೊರಿಸಿ ಇನ್ನೂ ಉದ್ದದ ಲೆನ್ಸಿಗಾಗಿ ಹುಡುಕುವವರನ್ನು ಬಹಳ ನೋಡಿದ್ದೇನೆ. ನಾನೂ ಅವರಲ್ಲಿ ಒಬ್ಬನಾಗಿದ್ದೆ. ಟೆಲಿಫೋಟೋ ಲೆನ್ಸ್ ಹಕ್ಕಿಯನ್ನು ಹಿಗ್ಗಿಸುವಂತೆಯೇ ನಮ್ಮ ಕೈಯ ನಡುಕವನ್ನೂ ಫೋಕಸಿನ ತಪ್ಪನ್ನೂ ನಡುವಿನ ಗಾಳಿಯ ಕದಡನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ ಎಂಬುದು ಅರ್ಥವಾದ ಮೇಲೆಯೇ ನನ್ನ ಚಿತ್ರಗಳು ಸುಧಾರಿಸಿದ್ದು. ಆದ್ದರಿಂದ ಈ ಮಾರ್ಗದರ್ಶಿ ಹೊಸ ಲೆನ್ಸಿನಿಂದಲ್ಲ, ಹಾಳಾದ ಚಿತ್ರದಿಂದ ಆರಂಭವಾಗುತ್ತದೆ.

ಹಂತ 1: ಹಾಳಾದ ಚಿತ್ರವನ್ನು ಓದಲು ಕಲಿಯಿರಿ

ಮಂಕಾದ ಚಿತ್ರವನ್ನು ಕೂಡಲೇ ಅಳಿಸಬೇಡಿ. ಅದನ್ನು ಪರದೆಯ ಮೇಲೆ ನೂರು ಶೇಕಡಾ ಗಾತ್ರಕ್ಕೆ ಹಿಗ್ಗಿಸಿ, ಮೊದಲು ಹಕ್ಕಿಯ ಕಣ್ಣನ್ನು, ಆಮೇಲೆ ಅದು ಕುಳಿತ ಕೊಂಬೆಯನ್ನು, ಕೊನೆಗೆ ಅದರ ಹಿಂದು ಮುಂದಿನ ಎಲೆಗಳನ್ನು ನೋಡಿ. ಹಕ್ಕಿಯ ಹಿಂದಿನ ಎಲೆ ಸ್ಪಷ್ಟವಾಗಿದ್ದು ಹಕ್ಕಿ ಮಂಕಾಗಿದ್ದರೆ ಅದು ಫೋಕಸಿನ ತಪ್ಪು. ಹಕ್ಕಿ, ಕೊಂಬೆ, ಎಲೆ ಎಲ್ಲವೂ ಒಂದೇ ದಿಕ್ಕಿನಲ್ಲಿ ಎಳೆದಂತೆ, ಎರಡೆರಡು ಅಂಚು ಮೂಡಿದಂತೆ ಕಂಡರೆ ನಿಮ್ಮ ಕೈ ನಡುಗಿದೆ. ಕೊಂಬೆಯ ತೊಗಟೆ ಸ್ಪಷ್ಟವಾಗಿದ್ದು ಹಕ್ಕಿಯ ತಲೆ ಅಥವಾ ರೆಕ್ಕೆಯ ತುದಿ ಮಾತ್ರ ಕಲಸಿದ್ದರೆ ಹಕ್ಕಿ ಅಲುಗಿದೆ, ಶಟರ್ ತೆರೆದು ಮುಚ್ಚುವ ವೇಗ ಸಾಲದಾಗಿದೆ. ಯಾವುದೂ ಸ್ಪಷ್ಟವಿಲ್ಲದೆ ಅಂಚುಗಳೆಲ್ಲ ನೀರಿನಲ್ಲಿ ಕಂಡಂತೆ ಅಲೆಯಲೆಯಾಗಿದ್ದರೆ ಅದು ಬಿಸಿಲಿಗೆ ಕುದಿಯುತ್ತಿರುವ ಗಾಳಿಯ ಕೆಲಸ. ಎಲ್ಲ ಸರಿಯಿದ್ದೂ ಚಿತ್ರ ಮರಳು ಚೆಲ್ಲಿದಂತೆ ಕಾಣುತ್ತಿದ್ದರೆ ಹಕ್ಕಿ ಬಹಳ ದೂರದಲ್ಲಿತ್ತು, ನೀವು ಮಿತಿಮೀರಿ ಕ್ರಾಪ್ ಮಾಡಿದ್ದೀರಿ (ಸುತ್ತಲಿನ ಭಾಗ ಕತ್ತರಿಸಿದ್ದೀರಿ) ಎಂದರ್ಥ.

ಈ ಐದು ರೋಗಗಳಿಗೆ ಐದು ಬೇರೆ ಬೇರೆ ಔಷಧಿಗಳಿವೆ. ಕೈನಡುಕಕ್ಕೆ ಫೋಕಸ್ ಸೆಟ್ಟಿಂಗ್ ಬದಲಿಸುವುದು, ಬಿಸಿಗಾಳಿಗೆ ಟ್ರೈಪಾಡ್ ಕೊಳ್ಳುವುದು, ಇಂತಹ ತಪ್ಪು ಚಿಕಿತ್ಸೆಯಲ್ಲಿಯೇ ಹೆಚ್ಚಿನವರ ವರ್ಷಗಳು ಕಳೆಯುತ್ತವೆ.

ಹಂತ 2: ದೂರದ ಲೆಕ್ಕ ಹಾಕಿ

ಕ್ಯಾಮೆರಾದೊಳಗೆ ಬಿಂಬ ದಾಖಲಾಗುವ ಸೆನ್ಸರಿನ ಮೇಲೆ ಹಕ್ಕಿ ಎಷ್ಟು ದೊಡ್ಡದಾಗಿ ಮೂಡುತ್ತದೆ ಎಂಬುದನ್ನು ತಿಳಿಯಲು ಲೆನ್ಸಿನ ಫೋಕಲ್ ಲೆಂಗ್ತನ್ನು (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಅಂಕಿ) ಹಕ್ಕಿಯಿರುವ ದೂರದಿಂದ ಭಾಗಿಸಿ, ಬಂದದ್ದನ್ನು ಹಕ್ಕಿಯ ಗಾತ್ರದಿಂದ ಗುಣಿಸಿದರೆ ಸಾಕು. ಸಣ್ಣ ಮಿಂಚುಳ್ಳಿಯ ಉದ್ದ ಸುಮಾರು 17 ಸೆಂ.ಮೀ. ಅದು 10 ಮೀಟರ್ ದೂರದಲ್ಲಿದ್ದು ನಿಮ್ಮದು 400 ಮಿ.ಮೀ. ಲೆನ್ಸ್ ಆಗಿದ್ದರೆ ಸೆನ್ಸರಿನ ಮೇಲೆ ಅದರ ಬಿಂಬ 7 ಮಿ.ಮೀ. ಆಸುಪಾಸು ಇರುತ್ತದೆ. ಫುಲ್ ಫ್ರೇಮ್ ಸೆನ್ಸರಿನ ಎತ್ತರ 24 ಮಿ.ಮೀ.; ಅಂದರೆ ಹಕ್ಕಿ ಚೌಕಟ್ಟಿನ ಕಾಲುಭಾಗಕ್ಕಿಂತ ತುಸು ಹೆಚ್ಚನ್ನು ತುಂಬುತ್ತದೆ. ಎಪಿಎಸ್‌-ಸಿ ಎಂಬ ಚಿಕ್ಕ ಸೆನ್ಸರಿನ ಎತ್ತರ ಸುಮಾರು 15.6 ಮಿ.ಮೀ. ಆದ್ದರಿಂದ ಅದೇ ಹಕ್ಕಿ ಅಲ್ಲಿ ಅರ್ಧಕ್ಕೆ ಹತ್ತಿರವಾಗುತ್ತದೆ. ಹಕ್ಕಿ 20 ಮೀಟರಿಗೆ ಸರಿದರೆ ಬಿಂಬವೂ ಅರ್ಧಕ್ಕಿಳಿಯುತ್ತದೆ, ಅದು ಆವರಿಸುವ ಪಿಕ್ಸೆಲ್‌ಗಳು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತವೆ.

ಈ ಲೆಕ್ಕವನ್ನು ಒಮ್ಮೆ ಮನಸ್ಸಿನಲ್ಲಿಟ್ಟುಕೊಂಡರೆ ಒಂದು ವಿಷಯ ಸ್ಪಷ್ಟವಾಗುತ್ತದೆ. 400 ಮಿ.ಮೀ. ಲೆನ್ಸ್ ಬಿಟ್ಟು 600 ಮಿ.ಮೀ. ಲೆನ್ಸ್ ಕೊಳ್ಳುವುದರಿಂದ ಸಿಗುವ ಲಾಭವೂ, 15 ಮೀಟರ್ ದೂರದಲ್ಲಿದ್ದ ಹಕ್ಕಿ 10 ಮೀಟರಿಗೆ ಬರುವಂತೆ ತಾಳ್ಮೆಯಿಂದ ಕುಳಿತುಕೊಳ್ಳುವುದರಿಂದ ಸಿಗುವ ಲಾಭವೂ ಗಾತ್ರದ ಮಟ್ಟಿಗೆ ಒಂದೇ. ಎರಡನೆಯದರಲ್ಲಿ ನಡುವಿನ ಗಾಳಿ ಕಡಿಮೆಯಾಗುವುದರಿಂದ ಚಿತ್ರ ಇನ್ನೂ ತಿಳಿಯಾಗಿರುತ್ತದೆ, ಮತ್ತು ಅದಕ್ಕೆ ಹಣ ಕೊಡಬೇಕಾಗಿಲ್ಲ.

ಹಂತ 3: ಇರುವ ಲೆನ್ಸನ್ನು ಪರೀಕ್ಷಿಸಿ

ಕೊಳ್ಳುವ ವಿಚಾರ ಸಂಕ್ಷಿಪ್ತವಾಗಿ ಹೇಳುತ್ತೇನೆ. ಟ್ಯಾಮ್ರಾನ್ ಮತ್ತು ಸಿಗ್ಮಾದ 150-600, ನಿಕಾನ್ 200-500, ಸೋನಿ 200-600 ಇಂತಹ ಜೂಮ್‌ಗಳು ಎರಡು ಕಿಲೋ ಆಸುಪಾಸು ತೂಗುತ್ತವೆ. ಹವ್ಯಾಸಿಗೆ ಇವು ಧಾರಾಳವಾಗಿ ಸಾಕು. 600 ಮಿ.ಮೀ. ಎಫ್ 4 (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ) ಲೆನ್ಸಿನ ಬೆಲೆ ಹತ್ತು ಲಕ್ಷ ರೂಪಾಯಿ ಮೀರುತ್ತದೆ. ಬೆಂಗಳೂರಿನಂತಹ ಊರುಗಳಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಕೊಳ್ಳುವ ಮುನ್ನ ಎರಡು ದಿನ ಬಾಡಿಗೆಗೆ ತಂದು ಹೊತ್ತು ತಿರುಗಿ ನೋಡುವುದು ಉತ್ತಮ. ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕಿ ಬಿಂಬ ಹಿಗ್ಗಿಸುವ ಟೆಲಿಕನ್ವರ್ಟರ್ ಬಗ್ಗೆ ಎಚ್ಚರವಿರಲಿ: 1.4 ಪಟ್ಟಿನದು ಒಂದು ಸ್ಟಾಪ್ (ಬೆಳಕು ಅರ್ಧ ಇಲ್ಲವೇ ದುಪ್ಪಟ್ಟಾಗುವ ಅಳತೆ) ಬೆಳಕನ್ನೂ, 2 ಪಟ್ಟಿನದು ಎರಡು ಸ್ಟಾಪ್ ಬೆಳಕನ್ನೂ ತಿನ್ನುತ್ತದೆ. ಎಫ್ 6.3 ಜೂಮ್ ಲೆನ್ಸಿಗೆ 1.4 ಕನ್ವರ್ಟರ್ ಹಾಕಿದರೆ ಎಫ್ 9 ಆಗುತ್ತದೆ. ಮಲೆನಾಡಿನ ಮರದಡಿಯ ಬೆಳಕಿನಲ್ಲಿ ಆಗ ಫೋಕಸ್ ತಡಕಾಡುತ್ತದೆ.

ಕೈಯಲ್ಲಿರುವ ಲೆನ್ಸಿನ ಗುಣ ತಿಳಿಯಲು ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಕನ್ನಡ ದಿನಪತ್ರಿಕೆಯ ಒಂದು ಪುಟವನ್ನು ನೆರಳಿನ ಗೋಡೆಗೆ ಸಮತಟ್ಟಾಗಿ ಅಂಟಿಸಿ, 10 ಮೀಟರ್ ದೂರದಲ್ಲಿ ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿದು, ಎರಡು ಸೆಕೆಂಡ್ ಟೈಮರ್ ಇಟ್ಟು ಚಿತ್ರ ತೆಗೆಯಿರಿ. ಮೊದಲು ಅಪರ್ಚರನ್ನು, ಅಂದರೆ ಬೆಳಕು ಬರುವ ಕಿಂಡಿಯನ್ನು, ಪೂರ್ತಿ ತೆರೆದು, ಆಮೇಲೆ ಎಫ್ 8ಕ್ಕೆ ಇಳಿಸಿ, ಜೂಮನ್ನು 400, 500, 600ಕ್ಕೆ ಬದಲಿಸುತ್ತ ಹೋಗಿ. ಅಕ್ಷರದ ಕೆಳಗಿನ ಒತ್ತುಗಳ ಸುರುಳಿಗಳಷ್ಟು ಒಳ್ಳೆಯ ಪರೀಕ್ಷಾ ಪಟ್ಟಿ ಬೇರೊಂದಿಲ್ಲ. ಯವೊತ್ತು ಮತ್ತು ರವೊತ್ತು ಬೇರೆ ಬೇರೆಯಾಗಿ ಓದಲು ಬಂದರೆ ಲೆನ್ಸ್ ಚೆನ್ನಾಗಿದೆ. ಬಹಳಷ್ಟು ಜೂಮ್‌ಗಳು ಕೊನೆಯ ತುದಿಯಲ್ಲಿ ಸ್ವಲ್ಪ ಮೆದುವಾಗುತ್ತವೆ, ಎಫ್ 8ರಲ್ಲಿ ಚೇತರಿಸಿಕೊಳ್ಳುತ್ತವೆ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಬಳಸುವವರಿಗೆ, ಫೋಕಸ್ ಪ್ರತಿ ಸಲವೂ ಸ್ವಲ್ಪ ಹಿಂದೆಯೋ ಮುಂದೆಯೋ ಬೀಳುತ್ತಿದ್ದರೆ, ಹಲವು ಕ್ಯಾಮೆರಾಗಳ ಮೆನುವಿನಲ್ಲಿರುವ ಫೋಕಸ್ ಫೈನ್ ಟ್ಯೂನ್ ಸೌಲಭ್ಯದಿಂದ ಅದನ್ನು ಸರಿಪಡಿಸಬಹುದು. ಮಿರರ್‌ಲೆಸ್ (ಕನ್ನಡಿಯಿಲ್ಲದ) ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಆ ತೊಂದರೆ ಇರುವುದಿಲ್ಲ.

ಇಲ್ಲಿ ನನ್ನದೇ ಒಂದು ದಡ್ಡತನ ಹೇಳಬೇಕು. ಮುಂಗಾಜಿಗೆ ಗೀರು ಬೀಳದಿರಲೆಂದು ಅಗ್ಗದ ಯುವಿ ಫಿಲ್ಟರ್ ಒಂದನ್ನು ತಿರುಗಿಸಿ ಹಾಕಿ ಮರೆತುಬಿಟ್ಟಿದ್ದೆ. ಒಂದಿಡೀ ಚಳಿಗಾಲ 300 ಮಿ.ಮೀ.ನಲ್ಲಿ ಸರಿಯಾಗಿ ಬರುತ್ತಿದ್ದ ಚಿತ್ರಗಳು 500ಕ್ಕೆ ಹೋದೊಡನೆ ಎಣ್ಣೆ ಸವರಿದಂತೆ ಆಗುತ್ತಿದ್ದವು. ಮೇಲೆ ಹೇಳಿದ ಪತ್ರಿಕೆಯ ಪರೀಕ್ಷೆಯನ್ನು ಫಿಲ್ಟರ್ ತೆಗೆದು ಮತ್ತೊಮ್ಮೆ ಮಾಡಿದಾಗಲೇ ಕಾರಣ ತಿಳಿದದ್ದು. ಗಾಜನ್ನು ಕಾಪಾಡಲು ಲೆನ್ಸಿನ ಜೊತೆಗೆ ಬರುವ ಹುಡ್ ಸಾಕು. ಅದು ಅಡ್ಡಬೆಳಕನ್ನೂ ತಡೆಯುತ್ತದೆ.

ಹಂತ 4: ಹಿಡಿತ

ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸ್ ನೋಡುವ ಅಗಲ ಸುಮಾರು 5 ಡಿಗ್ರಿ. ಅಂದರೆ ಕೈಯನ್ನು ಪೂರ್ತಿ ಚಾಚಿ ಮೂರು ಬೆರಳು ಜೋಡಿಸಿದರೆ ಮರೆಯಾಗುವಷ್ಟು ಜಾಗ. 600 ಮಿ.ಮೀ. ಆದರೆ ಎರಡೇ ಬೆರಳು. ಇಷ್ಟು ಕಿರಿದಾದ ಕಿಂಡಿ ಕೈಯಲ್ಲಿ ಅಲುಗಾಡದೆ ನಿಲ್ಲಬೇಕಾದರೆ ದೇಹವೇ ಸ್ಟ್ಯಾಂಡ್ ಆಗಬೇಕು. ಎಡಗೈ ಲೆನ್ಸಿನ ಅಡಿಯಲ್ಲಿ, ಸಾಧ್ಯವಾದಷ್ಟು ಮುಂದೆ ಇರಲಿ. ಎರಡೂ ಮೊಣಕೈಗಳು ಪಕ್ಕೆಗೆ ಒತ್ತಿರಲಿ. ಕ್ಯಾಮೆರಾ ಹುಬ್ಬಿನ ಮೂಳೆಗೆ ತಾಗಿರಲಿ. ಕುಳಿತಾಗ ಮೊಣಕೈಯನ್ನು ಮೊಣಕಾಲಿನ ಚಿಪ್ಪಿನ ಮೇಲಲ್ಲ, ಅದರ ತುಸು ಮುಂದೆ ಅಥವಾ ಹಿಂದೆ ಊರಿ, ಏಕೆಂದರೆ ಮೂಳೆಯ ಮೇಲೆ ಮೂಳೆ ಜಾರುತ್ತದೆ. ಉಸಿರನ್ನು ಅರ್ಧ ಬಿಟ್ಟು ಶಟರ್ ಬಟನನ್ನು ಮೆಲ್ಲಗೆ ಒತ್ತಿ, ಮೂರು ನಾಲ್ಕು ಚಿತ್ರಗಳ ಸಣ್ಣ ಬರ್ಸ್ಟ್ ತೆಗೆಯಿರಿ. ಮೊದಲನೆಯದರಲ್ಲಿ ಬೆರಳು ಒತ್ತಿದ ನಡುಕವಿರುತ್ತದೆ, ಕೊನೆಯದರಲ್ಲಿ ಬೆರಳು ಎತ್ತಿದ ನಡುಕ. ನಡುವಿನವು ಹೆಚ್ಚಾಗಿ ಸ್ಪಷ್ಟವಾಗಿರುತ್ತವೆ.

ರಂಗನತಿಟ್ಟಿನ ದೋಣಿ ಈ ಪಾಠಕ್ಕೆ ಒಳ್ಳೆಯ ಶಾಲೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳ ಈ ತಾಣ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚ ಕೊಕ್ಕು, ಹೆಜ್ಜಾರ್ಲೆ, ನದಿ ರೀವ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಎಲ್ಲವೂ ದೋಣಿಗೆ ಒಗ್ಗಿಹೋಗಿರುವುದರಿಂದ ಇಲ್ಲಿ 300 ಮಿ.ಮೀ. ಲೆನ್ಸಿಗೂ ಕೈತುಂಬ ಕೆಲಸ. ದೋಣಿಯಲ್ಲಿ ಟ್ರೈಪಾಡ್ ನಿಷ್ಪ್ರಯೋಜಕ, ಏಕೆಂದರೆ ಅದರ ಕಾಲ ಕೆಳಗಿನ ನೆಲವೇ ತೂಗುತ್ತಿರುತ್ತದೆ. ಲೆನ್ಸನ್ನು ದೋಣಿಯ ಅಂಚಿಗೆ ಊರುವುದೂ ಬೇಡ; ಹುಟ್ಟಿನ ಪ್ರತಿ ಹೊಡೆತದ ಅದುರಾಟ ಅಲ್ಲಿಂದ ನೇರವಾಗಿ ಲೆನ್ಸಿಗೆ ಬರುತ್ತದೆ. ಕೈಯಲ್ಲೇ ಹಿಡಿದು, ಕೈನಡುಕ ತಗ್ಗಿಸುವ ಲೆನ್ಸಿನ ಸ್ಟೆಬಿಲೈಸೇಶನ್ ಹಾಕಿಕೊಂಡು, ಹುಟ್ಟು ನೀರಿನಿಂದ ಮೇಲೆದ್ದು ಮತ್ತೆ ನೀರಿಗೆ ಬೀಳುವ ನಡುವಿನ ಕ್ಷಣದಲ್ಲಿ, ದೋಣಿ ಬರಿದೆ ತೇಲುತ್ತಿರುವಾಗ ಕ್ಲಿಕ್ ಮಾಡಬೇಕು. ಹುಟ್ಟು ಹಾಕುವವರಿಗೆ ಮೊದಲೇ ವಿನಯದಿಂದ ಹೇಳಿಕೊಂಡರೆ ಬೆಳಕಿನ ಕಡೆಯಿಂದಲೇ ದೋಣಿ ತಂದು ನಿಲ್ಲಿಸುತ್ತಾರೆ. ಯಾವ ಬಂಡೆಯ ಮೇಲೆ ಯಾವ ಹಕ್ಕಿ ಕೂರುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ನೆಲದ ಮೇಲೆ ಒಂದೇ ಕಡೆ ಕಾಯುವುದಾದರೆ ಟ್ರೈಪಾಡ್ ಮತ್ತು ಭಾರದ ಲೆನ್ಸನ್ನು ಸಲೀಸಾಗಿ ತಿರುಗಿಸಲು ಬಿಡುವ ಗಿಂಬಲ್ ಹೆಡ್ ಚೆನ್ನ. ನಡೆದಾಡುವುದಾದರೆ ಒಂಟಿಗಾಲಿನ ಮೋನೋಪಾಡ್ ಸಾಕು. ಲೆನ್ಸಿನ ಭಾರವನ್ನು ಕ್ಯಾಮೆರಾದ ಮೌಂಟಿಗೆ ಬಿಡದೆ ಲೆನ್ಸಿನ ಕಾಲಿಗೇ ಟ್ರೈಪಾಡ್ ಬಿಗಿಯಬೇಕು.

ಹಂತ 5: ಶಟರ್, ಅಪರ್ಚರ್, ಐಎಸ್‌ಒ

ಫೋಕಲ್ ಲೆಂಗ್ತಿಗೆ ಸಮನಾದ ಶಟರ್ ವೇಗವಿರಬೇಕು, ಅಂದರೆ 600 ಮಿ.ಮೀ. ಲೆನ್ಸಿಗೆ 1/600 ಸೆಕೆಂಡ್ ಬೇಕು ಎಂಬ ಹಳೆಯ ಸೂತ್ರ ಕೈನಡುಕಕ್ಕೆ ಮಾತ್ರ ಅನ್ವಯಿಸುತ್ತದೆ. ಎಪಿಎಸ್‌-ಸಿ ಕ್ಯಾಮೆರಾದಲ್ಲಿ ಅದನ್ನು ಒಂದೂವರೆ ಪಟ್ಟು ಮಾಡಿ 1/900 ಎಂದಿಟ್ಟುಕೊಳ್ಳಿ. ಸ್ಟೆಬಿಲೈಸೇಶನ್ ನಾಲ್ಕು ಸ್ಟಾಪ್ ಉಳಿಸುತ್ತದೆ ಎಂದು ಕಂಪನಿಗಳು ಹೇಳುವುದು ನಿಮ್ಮ ನಡುಕವನ್ನು ಕುರಿತು. ಹಕ್ಕಿಯ ಚಲನೆಯನ್ನು ಅದು ಕಿಂಚಿತ್ತೂ ತಡೆಯುವುದಿಲ್ಲ. ಅಲುಗದೆ ಕುಳಿತ ಹಾಲಕ್ಕಿಗೆ 1/250 ಕೂಡ ಸಾಕಾಗಬಹುದು, ಆದರೆ ಕತ್ತು ತಿರುಗಿಸುತ್ತಲೇ ಇರುವ ಕಳ್ಳಿಪೀರಕ್ಕೆ 1/1000 ಬೇಕು. ಹಾರುವ ಬೆಳ್ಳಕ್ಕಿ, ಕೊಕ್ಕರೆಗಳಿಗೆ 1/1600ರಿಂದ 1/2000, ನೀರಿಗೆ ಧುಮುಕುವ ಮಿಂಚುಳ್ಳಿಗೆ 1/3200 ಅಥವಾ ಅದಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಕು.

ಅಪರ್ಚರಿನ ಆಯ್ಕೆಗೆ ಈ ಅಂಕಿ ನೆನಪಿರಲಿ: ಫುಲ್ ಫ್ರೇಮಿನಲ್ಲಿ 600 ಮಿ.ಮೀ., ಎಫ್ 6.3, 10 ಮೀಟರ್ ದೂರ ಎಂದಾಗ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಸುಮಾರು 10 ಸೆಂ.ಮೀ. ಮಾತ್ರ. 5 ಮೀಟರಿಗೆ ಬಂದರೆ ಅದು ಎರಡೂವರೆ ಸೆಂ.ಮೀ.ಗೆ ಇಳಿಯುತ್ತದೆ, ಆಗ ಸೂರಕ್ಕಿಯ ಕಣ್ಣು ಸ್ಪಷ್ಟವಾಗಿದ್ದು ಬಾಲ ಮಂಕಾಗುವುದು ಸಹಜ. ಹತ್ತಿರದ ಹಕ್ಕಿಗೆ ಎಫ್ 8, ದೂರದ ಹಕ್ಕಿಗೆ ಪೂರ್ತಿ ತೆರೆದ ಅಪರ್ಚರ್ ಎಂಬುದು ನನ್ನ ರೂಢಿ.

ಉಳಿದದ್ದು ಐಎಸ್‌ಒ. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸಬೇಕೆಂದು ಹೇಳುವ ಈ ಅಂಕಿಯನ್ನು ಏರಿಸಲು ಹೆದರುವವರು ಇನ್ನೂ ಇದ್ದಾರೆ. ಐಎಸ್‌ಒ 400ರಲ್ಲಿ ಅಲುಗಿದ ಚಿತ್ರಕ್ಕಿಂತ ಐಎಸ್‌ಒ 3200ರಲ್ಲಿ ನಾಯ್ಸ್ (ಮರಳಿನಂಥ ಚುಕ್ಕೆಗಳು) ಇರುವ ಸ್ಪಷ್ಟ ಚಿತ್ರ ಮೇಲು. ನಾಯ್ಸನ್ನು ತಂತ್ರಾಂಶದಲ್ಲಿ ತೆಗೆಯಬಹುದು, ಅಲುಗಿದ ಕಣ್ಣನ್ನು ಅಷ್ಟು ಸುಲಭವಾಗಿ ಮರಳಿ ತರಲಾಗದು. ಮ್ಯಾನುವಲ್ ಮೋಡಿನಲ್ಲಿ ಶಟರ್ ಮತ್ತು ಅಪರ್ಚರನ್ನು ನೀವೇ ನಿಗದಿಮಾಡಿ, ಐಎಸ್‌ಒ ಮಾತ್ರ ಆಟೋದಲ್ಲಿ ಬಿಡುವುದು ಹೆಚ್ಚಿನ ಸಂದರ್ಭಗಳಿಗೆ ಅನುಕೂಲಕರ.

ಹಂತ 6: ಬೆಳ್ಳಕ್ಕಿಯ ಬಿಳುಪು, ಕಾಜಾಣದ ಕಪ್ಪು

ಕ್ಯಾಮೆರಾದ ಬೆಳಕಳೆಯುವ ಮೀಟರ್ ಎದುರಿಗಿರುವುದೆಲ್ಲವನ್ನೂ ಸರಾಸರಿ ಬೂದು ಎಂದು ಭಾವಿಸುತ್ತದೆ. ಕಡುಹಸಿರು ಜೊಂಡಿನ ಮುಂದೆ ಬೆಳ್ಳಕ್ಕಿ ನಿಂತಿದ್ದರೆ, ಚೌಕಟ್ಟಿನ ಬಹುಪಾಲು ಕತ್ತಲೆಯಿರುವುದನ್ನು ಕಂಡು ಅದು ಬೆಳಕನ್ನು ಏರಿಸುತ್ತದೆ. ಬೆಳ್ಳಕ್ಕಿ ಸುಣ್ಣ ಬಳಿದ ಗೋಡೆಯಂತಾಗಿ ಗರಿಗಳ ವಿವರವೆಲ್ಲ ಅಳಿದುಹೋಗುತ್ತದೆ. ಅಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರಿನ ಲೆಕ್ಕವನ್ನು ನಾವೇ ತಿದ್ದುವ ಸೌಲಭ್ಯ) ಒಂದು ಸ್ಟಾಪ್ ಇಳಿಸಬೇಕು. ಬೆಳ್ಳಗಿನ ಆಕಾಶದ ಎದುರು ಹಾರುವ ಗರುಡ ಅಥವಾ ತಂತಿಯ ಮೇಲಿನ ಕಾಜಾಣಕ್ಕೆ ಇದರ ತದ್ವಿರುದ್ಧ: ಒಂದರಿಂದ ಒಂದೂವರೆ ಸ್ಟಾಪ್ ಏರಿಸಬೇಕು, ಇಲ್ಲವಾದರೆ ಹಕ್ಕಿ ಮಸಿಯ ಬೊಟ್ಟಾಗುತ್ತದೆ. ಹಕ್ಕಿಯ ಬಣ್ಣಕ್ಕಿಂತ ಚೌಕಟ್ಟನ್ನು ತುಂಬಿರುವ ಹಿನ್ನೆಲೆ ಎಂಥದು ಎಂಬುದನ್ನೇ ಮೊದಲು ಕೇಳಿಕೊಳ್ಳಿ.

ಹಿನ್ನೆಲೆ ಕ್ಷಣಕ್ಷಣಕ್ಕೂ ಬದಲಾಗುವಲ್ಲಿ, ಉದಾಹರಣೆಗೆ ಮರದ ಮುಂದಿನಿಂದ ಆಕಾಶಕ್ಕೆ ಹಾರುವ ಕೊಕ್ಕರೆಗೆ, ಆಟೋ ಐಎಸ್‌ಒ ತಲೆಕೆಡಿಸಿಕೊಳ್ಳುತ್ತದೆ. ಅಲ್ಲಿ ಎಲ್ಲವನ್ನೂ ಮ್ಯಾನುವಲ್ ಮಾಡಿ. ಮೋಡವಿಲ್ಲದ ಪೂರ್ಣ ಬಿಸಿಲಿನಲ್ಲಿ ಐಎಸ್‌ಒ 400, ಎಫ್ 8, 1/1600 ಸರಿಸುಮಾರು ಸರಿಯಾದ ಎಕ್ಸ್‌ಪೋಶರ್. ಹಕ್ಕಿ ಅಚ್ಚ ಬಿಳಿಯಾಗಿದ್ದರೆ 1/3200ಕ್ಕೆ ಏರಿಸಿ. ಬೆಳಗಿನ ಎಳೆಬಿಸಿಲಿಗೆ ಇದಕ್ಕಿಂತ ಒಂದೆರಡು ಸ್ಟಾಪ್ ಹೆಚ್ಚು ಬೆಳಕು ಬೇಕಾಗುತ್ತದೆ. ಬಿಳಿ ಉಳಿದಿದೆಯೇ ಎಂದು ಹಿಸ್ಟೋಗ್ರಾಮಿನ (ಕ್ಯಾಮೆರಾ ತೋರಿಸುವ ಬೆಳಕು ನೆರಳಿನ ನಕ್ಷೆ) ಬಲತುದಿ ನೋಡಿ ತಿಳಿಯಬಹುದು. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿಯೇ ಚಿತ್ರ ತೆಗೆಯಿರಿ, ಏಕೆಂದರೆ 14 ಬಿಟ್ ರಾ ಫೈಲಿನಲ್ಲಿ ಪ್ರತಿ ಬಣ್ಣಕ್ಕೆ 16,384 ಮಟ್ಟಗಳಿದ್ದರೆ ಜೆಪೆಗ್‌ನಲ್ಲಿ ಇರುವುದು 256 ಮಾತ್ರ.

ಹಂತ 7: ಫೋಕಸ್

ಫೋಕಸನ್ನು ಸದಾ ಚಲಿಸುವ ಹಕ್ಕಿಯನ್ನು ಹಿಂಬಾಲಿಸುವ ನಿರಂತರ ಮೋಡಿನಲ್ಲಿ ಇರಿಸಿ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಇದನ್ನು ಎಐ ಸರ್ವೋ ಎಂದೂ ನಿಕಾನ್, ಸೋನಿಗಳಲ್ಲಿ ಎಎಫ್‌-ಸಿ ಎಂದೂ ಕರೆಯುತ್ತಾರೆ. ಫೋಕಸ್ ಮಾಡುವ ಕೆಲಸವನ್ನು ಶಟರ್ ಬಟನಿನಿಂದ ತಪ್ಪಿಸಿ ಹಿಂಬದಿಯ ಹೆಬ್ಬೆರಳ ಬಟನಿಗೆ ಕೊಟ್ಟರೆ, ಹಕ್ಕಿ ಹಾರುವಾಗ ಒತ್ತಿ ಹಿಡಿಯಬಹುದು, ಕುಳಿತಾಗ ಬಿಡಬಹುದು. ಮೋಡ್ ಬದಲಿಸುವ ತಾಪತ್ರಯವೇ ಇರುವುದಿಲ್ಲ. ಒಂದು ವಾರ ಬೆರಳು ತಪ್ಪುತ್ತದೆ, ಆಮೇಲೆ ಹಳೆಯ ಪದ್ಧತಿಗೆ ಮರಳಲು ಮನಸ್ಸೇ ಬರುವುದಿಲ್ಲ.

ಪೊದೆಯ ಒಳಗೆ ಕುಳಿತ ಹಕ್ಕಿಗೆ ಒಂದೇ ಬಿಂದುವಿನ ಫೋಕಸ್, ಬರಿಯ ಆಕಾಶದ ಹಕ್ಕಿಗೆ ಅಗಲವಾದ ವಲಯ ಸೂಕ್ತ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕುತ್ತವೆ ಮತ್ತು ಆ ಕೆಲಸವನ್ನು ಬಹಳ ಚೆನ್ನಾಗಿಯೇ ಮಾಡುತ್ತವೆ, ಆದರೆ ಅಡ್ಡಡ್ಡ ರೆಂಬೆಗಳಿದ್ದಾಗ ದಾರಿ ತಪ್ಪುತ್ತವೆ. ಆ ಸಂದರ್ಭಕ್ಕಾಗಿ ಒಂದೇ ಬಿಂದುವಿನ ಫೋಕಸನ್ನು ಬೇರೊಂದು ಬಟನಿಗೆ ಹೊಂದಿಸಿಟ್ಟುಕೊಳ್ಳಿ. ಲೆನ್ಸಿನ ಮೇಲಿರುವ ಫೋಕಸ್ ಲಿಮಿಟರ್ ಸ್ವಿಚ್ಚನ್ನು ದೂರಕ್ಕೆ ಹಾಕಿದರೆ ಲೆನ್ಸ್ ಹತ್ತಿರದ ಪೊದೆಯವರೆಗೆ ಹೋಗಿ ಮರಳುವ ಸಮಯ ಉಳಿಯುತ್ತದೆ.

ಹಕ್ಕಿ ವ್ಯೂಫೈಂಡರಿನಲ್ಲಿ ಸಿಗುವುದೇ ಇಲ್ಲ ಎಂಬ ದೂರು ಹೊಸಬರದು. ಬಹಳ ಸಲ ಹಕ್ಕಿ ಅಲ್ಲೇ ಇರುತ್ತದೆ, ಆದರೆ ಫೋಕಸ್ 3 ಮೀಟರಿನಲ್ಲಿ ಉಳಿದಿರುವುದರಿಂದ ಮಂಜಿನಲ್ಲಿ ಕರಗಿರುತ್ತದೆ. ಹಕ್ಕಿ ಬರುವ ನಿರೀಕ್ಷೆಯಿರುವ ದೂರದ ಮರವೊಂದಕ್ಕೆ ಮೊದಲೇ ಫೋಕಸ್ ಮಾಡಿಟ್ಟಿರಿ. ಜೂಮನ್ನು 200ರಲ್ಲಿ ಇಟ್ಟು ಹಕ್ಕಿಯನ್ನು ಹಿಡಿದು ಆಮೇಲೆ ಹಿಗ್ಗಿಸಿ. ಹಕ್ಕಿಯ ಮೇಲಿನ ದೃಷ್ಟಿ ಕದಲಿಸದೆ ಕ್ಯಾಮೆರಾವನ್ನು ಕಣ್ಣಿಗೆ ತರಬೇಕೇ ಹೊರತು ಕ್ಯಾಮೆರಾದೊಳಗೆ ಇಣುಕಿ ಹಕ್ಕಿಯನ್ನು ಹುಡುಕಬಾರದು.

ಹಂತ 8: ಹಾರುವ ಹಕ್ಕಿಗೆ ಗಾಳಿಯನ್ನು ನೋಡಿ

ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಸೂರ್ಯನೂ ಗಾಳಿಯೂ ನಿಮ್ಮ ಬೆನ್ನ ಹಿಂದಿನಿಂದ ಬರುವ ಜಾಗದಲ್ಲಿ ನಿಂತರೆ, ಮೇಲೇಳುವ ಹಕ್ಕಿ ಬೆಳಕು ಬಿದ್ದ ಮುಖದೊಡನೆ ನಿಮ್ಮ ಕಡೆಗೇ ಬರುತ್ತದೆ. ಗಾಳಿ ಎದುರಿನಿಂದ ಬರುತ್ತಿದ್ದರೆ ದಿನವಿಡೀ ಬಾಲಗಳ ಚಿತ್ರವೇ ಸಿಗುತ್ತದೆ. ಕೆರೆಗೆ ಹೋದೊಡನೆ ನಾನು ಮೊದಲು ನೋಡುವುದು ಏರಿಯ ಮೇಲಿನ ಹುಲ್ಲು ಯಾವ ಕಡೆಗೆ ಬಾಗಿದೆ ಎಂಬುದನ್ನು, ಆಮೇಲೆ ನನ್ನ ನೆರಳು ಯಾವ ಕಡೆಗೆ ಬಿದ್ದಿದೆ ಎಂಬುದನ್ನು. ಎರಡೂ ಹಕ್ಕಿಯತ್ತ ಬೊಟ್ಟು ಮಾಡುತ್ತಿದ್ದರೆ ಅಲ್ಲಿಯೇ ಕೂರುತ್ತೇನೆ.

ಹಾರುವ ಮುನ್ಸೂಚನೆಗಳೂ ಇವೆ. ಡೇಗೆ, ಬಕಗಳು ಹಾರುವ ಮುನ್ನ ಅನೇಕ ವೇಳೆ ಹಿಕ್ಕೆ ಹಾಕುತ್ತವೆ. ಕೊಕ್ಕರೆ ಕಾಲು ಮಡಚಿ ಮುಂದಕ್ಕೆ ಬಾಗುತ್ತದೆ. ಕಪ್ಪುಬಿಳಿ ಮಿಂಚುಳ್ಳಿ ಒಂದೇ ಕಡೆ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಂತು ಆಮೇಲೆ ಧುಮುಕುವುದರಿಂದ ಈ ವಿದ್ಯೆಯನ್ನು ಕಲಿಸಲು ಅದರಷ್ಟು ಸೌಜನ್ಯದ ಹಕ್ಕಿ ಇನ್ನೊಂದಿಲ್ಲ. ಅಭ್ಯಾಸಕ್ಕೆ ಕಾಡಿಗೆ ಹೋಗಬೇಕಾಗಿಲ್ಲ. ನಗರದ ಮನೆಯ ತಾರಸಿಯಿಂದ, ನಿಧಾನವಾಗಿ ಸುತ್ತುವ ಹದ್ದುಗಳನ್ನು ದಿನಕ್ಕೆ ಇಪ್ಪತ್ತು ನಿಮಿಷ ಹಿಂಬಾಲಿಸಿದರೆ ತಿಂಗಳೊಳಗೆ ಸೊಂಟದಿಂದ ತಿರುಗುವುದು ರೂಢಿಯಾಗುತ್ತದೆ. ಕೈಗಳಿಂದ ತಿರುಗಿಸುವವರ ಚಿತ್ರದಲ್ಲಿ ಹಕ್ಕಿ ಸದಾ ಚೌಕಟ್ಟಿನ ಅಂಚಿನಲ್ಲಿರುತ್ತದೆ.

ಹಂತ 9: ಹಕ್ಕಿ ತಾನಾಗಿ ಹತ್ತಿರವಾಗಲಿ

ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಎಂ.ವೈ. ಘೋರ್ಪಡೆ ಅವರ ಪೀಳಿಗೆ ನಮ್ಮ ನಾಡಿನಲ್ಲಿ ವನ್ಯಜೀವಿಗಳ ಚಿತ್ರ ತೆಗೆದದ್ದು ಒಂದು ರೋಲಿಗೆ 36 ಚಿತ್ರಗಳ ಫಿಲ್ಮಿನ ಕಾಲದಲ್ಲಿ. ಫೋಕಸನ್ನು ಕೈಯಿಂದಲೇ ತಿರುಗಿಸಬೇಕಿದ್ದ ಆ ದಿನಗಳಲ್ಲಿ ಪ್ರಾಣಿಯ ನಡವಳಿಕೆ ತಿಳಿಯದೆ ಚಿತ್ರವೇ ಇರಲಿಲ್ಲ. ಆ ಮಾತು ಈಗಲೂ ಸುಳ್ಳಾಗಿಲ್ಲ.

ಹಕ್ಕಿಯತ್ತ ನೇರವಾಗಿ ನಡೆಯಬೇಡಿ. ಓರೆಯಾಗಿ, ಬೇರೆಲ್ಲಿಗೋ ಹೋಗುವವರಂತೆ, ಹತ್ತು ಹೆಜ್ಜೆಗೊಮ್ಮೆ ನಿಂತು ಸಾಗಿ. ಮಾಸಿದ ಬಣ್ಣದ ಬಟ್ಟೆ ಇರಲಿ. ಕೆರೆಯಂಚಿನಲ್ಲಿ ಅರ್ಧ ಗಂಟೆ ಅಲುಗದೆ ಕುಳಿತರೆ ದೂರ ಹೋದ ಉಲ್ಲಂಕಿಗಳು ಮೇಯುತ್ತ ಮೇಯುತ್ತ ತಾವೇ ಮರಳುತ್ತವೆ. ಕಾರು ಒಳ್ಳೆಯ ಮರೆ. ರಸ್ತೆಬದಿಯ ತಂತಿಯ ಮೇಲಿನ ನೀಲಕಂಠ ಕಾರಿಗೆ ಹೆದರುವುದಿಲ್ಲ, ಬಾಗಿಲು ತೆರೆದು ಇಳಿದ ಮನುಷ್ಯನಿಗೆ ಹೆದರುತ್ತದೆ.

ಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ನಿಮ್ಮನ್ನೇ ನೋಡುತ್ತಿದ್ದರೆ ಅಲ್ಲಿಯೇ ನಿಲ್ಲಬೇಕು. ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಕಿರುಚುತ್ತಿದ್ದರೆ ಹತ್ತಿರದ ನೆಲದ ಮೇಲೆಲ್ಲೋ ಅದರ ಮೊಟ್ಟೆಗಳಿವೆ. ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ನದಿ ರೀವಗಳು ಬೇಸಿಗೆಯಲ್ಲಿ ಬರಿನೆಲದ ಮೇಲೆ ಮೊಟ್ಟೆಯಿಡುತ್ತವೆ. ಅಲ್ಲಿ ತಾಯಿಹಕ್ಕಿಯನ್ನು ಎಬ್ಬಿಸಿದರೆ ಮೊಟ್ಟೆ ಸುಡುಬಿಸಿಲಿಗೆ ಬೀಳುತ್ತದೆ. ಗೂಡಿನ ಎಲೆಗಳನ್ನು ಸರಿಸಿ ಚಿತ್ರ ತೆಗೆಯುವುದು ಕೆಟ್ಟ ಅಭ್ಯಾಸ ಮಾತ್ರವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಗಳ ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದು ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಮೊಬೈಲಿನಲ್ಲಿ ಕೂಗು ಕೇಳಿಸಿ ಹಕ್ಕಿಯನ್ನು ಕರೆಯುವ ಚಾಳಿಯನ್ನೂ ಬಿಡಬೇಕು; ಇಲ್ಲದ ಎದುರಾಳಿಯನ್ನು ಓಡಿಸಲು ಅದು ಮೇವು ಬಿಟ್ಟು ಬಳಲುತ್ತದೆ.

ಹಿನ್ನೆಲೆಯ ವಿಚಾರವೂ ಇಲ್ಲಿಯೇ ಬರುತ್ತದೆ, ಏಕೆಂದರೆ ಅದೂ ನಿಲ್ಲುವ ಜಾಗದ ಪ್ರಶ್ನೆ. ಹಕ್ಕಿ ನಿಮಗೆ ಹತ್ತಿರ, ಹಿನ್ನೆಲೆ ಹಕ್ಕಿಯಿಂದ ದೂರ ಇದ್ದಷ್ಟೂ ಹಿಂದಿನ ಗೊಂದಲ ಕರಗಿ ಹದವಾದ ಬಣ್ಣವಾಗುತ್ತದೆ. ನೀವು ಎರಡು ಹೆಜ್ಜೆ ಬಲಕ್ಕೆ ಸರಿದರೆ ಅಡ್ಡವಾದ ಕಡ್ಡಿಯೊಂದು ಮಾಯವಾಗುತ್ತದೆ. ನೆಲದ ಹಕ್ಕಿಗೆ ನೆಲದ ಮೇಲೆ ಮಲಗಿ, ಅದರ ಕಣ್ಣಿನ ಮಟ್ಟದಿಂದ ನೋಡಿ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗಿನಿಂದ ತೆಗೆದರೆ ಹೊಟ್ಟೆ ಮತ್ತು ಬಿಳಿ ಆಕಾಶ ಮಾತ್ರ ಸಿಗುತ್ತದೆ. ಮನೆಯವರನ್ನು ಕೇಳಿ ತಾರಸಿಗೆ ಹೋಗಲು ಸಾಧ್ಯವಾದರೆ ಅದೇ ಹಕ್ಕಿ ಕಣ್ಣಿನ ಮಟ್ಟಕ್ಕೆ ಬರುತ್ತದೆ.

ಹಂತ 10: ಸಫಾರಿ ಜೀಪಿನಲ್ಲಿ

ನಾಗರಹೊಳೆ, ಬಂಡೀಪುರಗಳ ಬೆಳಗಿನ ಸಫಾರಿಯಲ್ಲಿ ಮೊದಲ ಅರ್ಧ ಗಂಟೆ ಬೆಳಕು ಬಹಳ ಕಡಿಮೆ. ಎಫ್ 6.3 ಲೆನ್ಸಿನಲ್ಲಿ 1/250, ಐಎಸ್‌ಒ 3200 ಅಥವಾ 6400 ಇಟ್ಟುಕೊಂಡೇ ಹೊರಡಿ, ಏಕೆಂದರೆ ಚಿರತೆ ರಸ್ತೆ ದಾಟುವಾಗ ಸೆಟ್ಟಿಂಗ್ ಬದಲಿಸಲು ಸಮಯ ಸಿಗುವುದಿಲ್ಲ. ಜೀಪಿನ ಕಂಬಿಗೆ ಬೀನ್ ಬ್ಯಾಗ್ ಹಾಕಿ ಅದರ ಮೇಲೆ ಲೆನ್ಸ್ ಮಲಗಿಸಿ. ಚೀಲವನ್ನು ಖಾಲಿ ಒಯ್ದು, ತಂಗಿದ ಊರಿನ ಅಂಗಡಿಯಲ್ಲಿ ರಾಗಿಯನ್ನೋ ಅಕ್ಕಿಯನ್ನೋ ಕೊಂಡು ತುಂಬಿಸಿಕೊಂಡರೆ ಹೊರುವ ಭಾರ ತಪ್ಪುತ್ತದೆ. ಎಂಜಿನ್ ಆರಿಸುವವರೆಗೆ ಕ್ಲಿಕ್ ಮಾಡಿ ಪ್ರಯೋಜನವಿಲ್ಲ. ಎಂಜಿನ್ ನಿಂತ ಮೇಲೂ ಪಕ್ಕದವರು ಎದ್ದರೆ ಜೀಪು ತೂಗುತ್ತದೆ, ಆದ್ದರಿಂದ ಹೊರಡುವ ಮೊದಲೇ ಎಲ್ಲರೂ ಕುಳಿತೇ ತೆಗೆಯೋಣ ಎಂದು ಮಾತಾಡಿಕೊಳ್ಳುವುದು ಒಳ್ಳೆಯದು. ಜಿಂಕೆ ಅಥವಾ ಮುಸುವ ಎಚ್ಚರಿಕೆಯ ಕೂಗು ಕೂಗಿದಾಗ ಕ್ಯಾಮೆರಾ ಬಿಟ್ಟು ಕಿವಿಗೊಡಿ. ಕೂಗುವ ಪ್ರಾಣಿ ನೋಡುತ್ತಿರುವ ದಿಕ್ಕು ಮುಖ್ಯ. ಉದ್ದದ ಲೆನ್ಸಿಗೆ ಅರಣ್ಯ ಇಲಾಖೆ ಪ್ರತ್ಯೇಕ ಶುಲ್ಕ ವಿಧಿಸುವುದರಿಂದ ಅದನ್ನು ಮೊದಲೇ ವಿಚಾರಿಸಿ.

ಕಬಿನಿ ಹಿನ್ನೀರಿನಲ್ಲಿ ಆನೆಗಳು ಗುಂಪುಗುಂಪಾಗಿ ಸೇರುವುದು ಮಾರ್ಚ್‌ನಿಂದ ಮೇವರೆಗಿನ ಬೇಸಿಗೆಯಲ್ಲಿ. ನೆಲದ ಮೇಲಿನ ಗಾಳಿ ಕುದಿಯುವುದೂ ಅದೇ ಕಾಲದಲ್ಲಿ. ಬೆಳಿಗ್ಗೆ ಒಂಬತ್ತೂವರೆಯ ಮೇಲೆ ದೂರದ ಆನೆಯನ್ನು 600 ಮಿ.ಮೀ.ನಲ್ಲಿ ತುಂಬಿಸಲು ಹೋಗಬೇಡಿ, ಯಾವ ಲೆನ್ಸೂ ಆ ಅಲೆಯನ್ನು ದಾಟಲಾರದು. ಜೂಮನ್ನು 200ಕ್ಕೆ ತಂದು ಹಿನ್ನೀರು, ಹುಲ್ಲು, ಒಣಮರಗಳ ನಡುವೆ ಆನೆಯನ್ನು ಚಿಕ್ಕದಾಗಿಯೇ ಇರಿಸಿ. ನನ್ನ ಕಬಿನಿಯ ಚಿತ್ರಗಳಲ್ಲಿ ಗೋಡೆಗೇರಿದ್ದು ಅಂಥದೊಂದೇ.

ಹಂತ 11: ಮನೆಗೆ ಬಂದ ಮೇಲೆ

24 ಮೆಗಾಪಿಕ್ಸೆಲ್ ಚಿತ್ರವನ್ನು ಉದ್ದ ಅಗಲ ಎರಡರಲ್ಲೂ ಅರ್ಧಕ್ಕೆ ಕ್ರಾಪ್ ಮಾಡಿದರೆ ಉಳಿಯುವುದು 6 ಮೆಗಾಪಿಕ್ಸೆಲ್. ಅದು 300 ಡಿಪಿಐನಲ್ಲಿ ಸುಮಾರು 10 ಇಂಚು ಅಗಲದ ಮುದ್ರಣಕ್ಕೆ ಸಾಕು. ಅದಕ್ಕಿಂತ ಹೆಚ್ಚು ಕತ್ತರಿಸಬೇಕಾಗಿ ಬಂದರೆ ಆ ಚಿತ್ರವನ್ನು ದಾಖಲೆಗೆಂದು ಇಟ್ಟುಕೊಳ್ಳಿ, ಪ್ರದರ್ಶನಕ್ಕಲ್ಲ. ಮೊದಲು ನಾಯ್ಸ್ ತೆಗೆಯಿರಿ, ಆಮೇಲೆ ಹಕ್ಕಿಗೆ ಮಾತ್ರ ಶಾರ್ಪನಿಂಗ್ ಕೊಡಿ; ಹಿನ್ನೆಲೆಗೂ ಕೊಟ್ಟರೆ ತೆಗೆದ ನಾಯ್ಸ್ ಮರಳಿ ಬರುತ್ತದೆ.

ಮಳೆಗಾಲದಲ್ಲಿ ಲೆನ್ಸಿನ ಒಳಗಾಜಿಗೆ ಬೂಷ್ಟು ಹಿಡಿಯುತ್ತದೆ. ಮಲೆನಾಡು, ಕರಾವಳಿಯವರು ಡ್ರೈ ಕ್ಯಾಬಿನೆಟ್ಟನ್ನು 40ರಿಂದ 50 ಶೇಕಡಾ ತೇವಾಂಶದಲ್ಲಿ ಇಟ್ಟುಕೊಳ್ಳಲಿ. ಇಲ್ಲದವರು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಲಿ. ಎಸಿ ಕೋಣೆಯಿಂದ ಸೆಕೆಗೆ ಲೆನ್ಸ್ ತರುವಾಗ ಅರ್ಧ ಗಂಟೆ ಚೀಲದಲ್ಲಿಯೇ ಬಿಡಿ, ಇಲ್ಲವಾದರೆ ಗಾಜಿನ ಮೇಲೆ ಹಬೆ ಕೂರುತ್ತದೆ.

ಅಳಿಸುವ ಕೆಲಸ ಕೊನೆಯದು. ಪ್ರತಿ ಸಲವೂ ಚಿತ್ರಗಳನ್ನು ಅಳಿಸುವ ಮುನ್ನ ನಾನು ಒಂದು ನೋಟ್‌ಬುಕ್ಕಿನಲ್ಲಿ ಐದು ಗೆರೆ ಎಳೆದು, ನಡುಕ, ಫೋಕಸ್, ಹಕ್ಕಿಯ ಚಲನೆ, ಬಿಸಿಗಾಳಿ, ದೂರ ಎಂದು ಬರೆದು, ಒಂದೊಂದು ಹಾಳು ಚಿತ್ರಕ್ಕೂ ಅದರ ಕೆಳಗೆ ಕಡ್ಡಿ ಹಾಕುತ್ತೇನೆ. ಮೊದಲ ವರ್ಷದ ಪುಟಗಳಲ್ಲಿ ನಡುಕದ ಕೆಳಗೆ ಕಡ್ಡಿಗಳು ಪುಟದಂಚಿನವರೆಗೆ ಸಾಗಿವೆ. ಕಳೆದ ಜನವರಿಯ ರಂಗನತಿಟ್ಟಿನ ಪುಟದಲ್ಲಿ ಅಲ್ಲಿರುವುದು ನಾಲ್ಕೇ ಕಡ್ಡಿ. ಫೋಕಸಿನ ಕೆಳಗೆ ಮಾತ್ರ ಎರಡು ಸಾಲು ತುಂಬಿದೆ, ಹೆಚ್ಚಿನವು ರೆಂಬೆಗಳ ನಡುವಿನಿಂದ ಹಾರಿಬಂದ ಚಮಚ ಕೊಕ್ಕುಗಳವು. ಈ ಚಳಿಗಾಲ ಅಭ್ಯಾಸ ಮಾಡಬೇಕಾದದ್ದು ಅದನ್ನೇ.